ಹಾರಿಹೋಗುವ ಎಣ್ಣೆಗೆ ತಕ್ಕ ಜಾಗ



ರಾಯಚೂರು, ಬಳ್ಳಾರಿ ಕಡೆಯ ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ‘ಎಣ್ಣಿ ಹೊಡೀಬೇಕು’ ಎಂದರೆ ಯಾರಿಗೂ ಶೇಂಗಾ ಎಣ್ಣೆ ನೆನಪಾಗುವುದಿಲ್ಲ. ಅಲ್ಲಿ ಎಣ್ಣಿ ಎಂದರೆ ಕೀಟನಾಶಕ. ಹಳೇ ಮೈಸೂರಿನ ಕಡೆ ಅದೇ ಡಬ್ಬಿಗೆ ‘ಔಷಧಿ’ ಎಂದು ಹೆಸರು. ಒಂದು ಕಡೆ ವಿಷಕ್ಕೆ ಅಡುಗೆಮನೆಯ ಹೆಸರು, ಇನ್ನೊಂದು ಕಡೆ ಮದ್ದಿನ ಹೆಸರು. ಈ ಸಮ್ಮೇಳನ ಮಾತಿಗೆ ಎತ್ತಿಕೊಂಡಿರುವುದು ನಿಜವಾಗಿಯೂ ಎಣ್ಣೆಗಳನ್ನೇ: ಲವಂಗ, ಓಮ, ನೀಲಗಿರಿ, ಮಜ್ಜಿಗೆಹುಲ್ಲು, ತುಳಸಿ, ಬಜೆ ಮುಂತಾದವುಗಳಿಂದ ಭಟ್ಟಿ ಇಳಿಸಿ ತೆಗೆದ ಸುಗಂಧ ತೈಲಗಳನ್ನು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಬೇವಿನೆಣ್ಣೆ, ಹೊಂಗೆ ಎಣ್ಣೆ ಈ ಗುಂಪಿನವಲ್ಲ. ಅವು ಗಾಣದಲ್ಲಿ ಹಿಂಡಿ ತೆಗೆಯುವ ಜಿಡ್ಡಿನ ಎಣ್ಣೆಗಳು. ಕಾಗದದ ಮೇಲೆ ಒಂದು ಹನಿ ಬೇವಿನೆಣ್ಣೆ, ಪಕ್ಕದಲ್ಲಿ ಒಂದು ಹನಿ ನೀಲಗಿರಿ ಎಣ್ಣೆ ಬಿಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಮೊದಲನೆಯದು ಕಲೆಯಾಗಿ ಉಳಿಯುತ್ತದೆ, ಎರಡನೆಯದು ಹಾರಿಹೋಗುತ್ತದೆ. ಬೇವಿನ ಅಜಾಡಿರಾಕ್ಟಿನ್ ನಿಧಾನಿ. ಹುಳುವಿನ ಹಸಿವು ಕೆಡಿಸಿ, ಪೊರೆ ಕಳಚುವುದನ್ನು ತಡೆದು, ದಿನಗಟ್ಟಲೆ ಕೆಲಸ ಮಾಡುತ್ತದೆ. ಸುಗಂಧ ತೈಲ ಬೇಗ ಮುಟ್ಟಿ ಬೇಗ ಮಾಯವಾಗುತ್ತದೆ. ಅದರ ಬಲವೂ ಅದರ ಸೋಲೂ ಈ ಹಾರಿಹೋಗುವ ಗುಣದಲ್ಲೇ ಇವೆ.

ಹುಳುವಿನ ಮೈಯಲ್ಲಿ ಆಕ್ಟೋಪಮೀನ್ ಎಂಬ ರಾಸಾಯನಿಕವಿದೆ. ನಮ್ಮಲ್ಲಿ ಅಡ್ರಿನಲಿನ್ ಮಾಡುವ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ: ಓಡು, ಹಾರು, ಎದೆಬಡಿತ ಏರಿಸು ಎಂಬ ಅಪ್ಪಣೆಗಳನ್ನು ಹೊತ್ತು ತಿರುಗುತ್ತದೆ. ಲವಂಗದ ಯೂಜೆನಾಲ್ ಈ ವ್ಯವಸ್ಥೆಯನ್ನೇ ಕದಡುತ್ತದೆ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಆ ಬಗೆಯ ಗ್ರಾಹಿಗಳು ಇಲ್ಲದಿರುವುದರಿಂದ ಹುಳುವಿಗೆ ಬಿದ್ದ ಪೆಟ್ಟು ನಮಗೆ ಅದೇ ರೀತಿ ಬೀಳುವುದಿಲ್ಲ. ಆದರೆ ಓಮದ ಥೈಮಾಲ್‌ನಂಥವು ಮುಟ್ಟುವ ನರದ ಬಾಗಿಲುಗಳು ಮನುಷ್ಯರಲ್ಲೂ ಇವೆ. ‘ಗಿಡದಿಂದ ಬಂದದ್ದು, ಏನೂ ಆಗಲ್ಲ’ ಎಂಬ ಮಾತು ಈ ಸಭಾಂಗಣದಲ್ಲಿ ಯಾರ ಬಾಯಿಂದಲೂ ಬರಬಾರದು.

ಹಾಗಿದ್ದರೂ ಈ ಎಣ್ಣೆಗಳು ಬೇಕು. ಏಕೆ ಬೇಕು ಎಂಬುದನ್ನು ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಮನೆಗಳು ಹೇಳುತ್ತವೆ. ಅಲ್ಲಿಯ ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ಹಾರಿಹೋಗಲಿಲ್ಲ. ಮಣ್ಣಿನಲ್ಲಿ ಉಳಿಯಿತು, ಮೈಯಲ್ಲಿ ಉಳಿಯಿತು. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ದೇಶಾದ್ಯಂತ ಅದನ್ನು ತಡೆಯಿತು. ಆ ಹೊತ್ತಿಗೆ ಹಾಸಿಗೆ ಹಿಡಿದ ಮಕ್ಕಳು ಅಲ್ಲಿ ದೊಡ್ಡವರಾಗಿದ್ದರು.

ಈ ಎಣ್ಣೆಗಳು ಹುಳುವನ್ನು ಓಡಿಸುವುದಷ್ಟೇ ಅಲ್ಲ, ಕರೆಯುವುದೂ ಉಂಟು. ಅದಕ್ಕೊಂದು ಹಳೆಯ ಕಥೆಯಿದೆ. ಶತಮಾನದ ಹಿಂದೆ ಬಿಹಾರದ ಪೂಸಾದಲ್ಲಿ ದೇಶದ ಕೃಷಿ ಸಂಶೋಧನಾ ಸಂಸ್ಥೆ ಇತ್ತು. ಅಲ್ಲಿ ಕೀಟಶಾಸ್ತ್ರಜ್ಞ ಎಫ್. ಎಂ. ಹೌಲೆಟ್ ಕೆಲಸ ಮಾಡುತ್ತಿದ್ದರು. ಸೊಳ್ಳೆ ಓಡಿಸಲೆಂದು ಸಿಟ್ರೊನೆಲ್ಲಾ ಎಣ್ಣೆ ಬಳಸಿದ ಕಡೆ ಹಣ್ಣು ನೊಣಗಳು ಬಂದು ಮುತ್ತುವುದು ಅವರ ಗಮನಕ್ಕೆ ಬಂತು. ಹಿಡಿದು ನೋಡಿದರೆ ಎಲ್ಲವೂ ಗಂಡು. 1912ರಲ್ಲಿ ಅವರು ಇದನ್ನು ಬರೆದರು. 1915ರ ಹೊತ್ತಿಗೆ ಸೆಳೆತದ ಮೂಲ ಮೀಥೈಲ್ ಯೂಜೆನಾಲ್ ಎಂದು ಗುರುತಿಸಿದರು. ಸೊಳ್ಳೆಗೆ ‘ಹೋಗು’ ಎಂದ ಎಣ್ಣೆಯೇ ಹಣ್ಣು ನೊಣಕ್ಕೆ ‘ಬಾ’ ಎಂದಿತ್ತು! ಗಂಡು ನೊಣ ಅದನ್ನು ತಿಂದು, ಹೆಣ್ಣನ್ನು ಒಲಿಸುವ ತನ್ನದೇ ವಾಸನೆಯಾಗಿ ಮಾರ್ಪಡಿಸಿಕೊಳ್ಳುತ್ತದೆ ಎಂಬುದು ಬಹಳ ಕಾಲದ ಮೇಲೆ ತಿಳಿಯಿತು.

ಇವತ್ತು ಶ್ರೀನಿವಾಸಪುರ, ರಾಮನಗರದ ಮಾವಿನ ತೋಟಗಳಲ್ಲಿ ತೂಗುವ ಮೋಹಕ ಬಲೆಯ ಒಳಗಿರುವುದು ಇದೇ ಮೀಥೈಲ್ ಯೂಜೆನಾಲ್. ಪ್ಲೈವುಡ್ ತುಂಡನ್ನು ಅದರಲ್ಲೂ ಒಂದಿಷ್ಟು ಕೀಟನಾಶಕದಲ್ಲೂ ನೆನೆಸಿ ಕಟ್ಟುತ್ತಾರೆ. ಗಂಡು ನೊಣ ತಾನಾಗಿ ಬಂದು ಸಾಯುತ್ತದೆ, ಹೆಣ್ಣಿಗೆ ಜೋಡಿ ಸಿಗುವುದಿಲ್ಲ. ವಿಷ ಹಣ್ಣಿಗೆ ಸೋಕುವುದೇ ಇಲ್ಲ. ಇದರ ಬೆಲೆ ಗೊತ್ತಾಗಬೇಕಾದರೆ 2014ರ ಮೇ ತಿಂಗಳನ್ನು ನೆನೆಯಬೇಕು. ಹಣ್ಣು ನೊಣ ಸಿಕ್ಕಿತೆಂದು ಐರೋಪ್ಯ ಒಕ್ಕೂಟ ಭಾರತದ ಮಾವನ್ನೂ ಬದನೆ, ಹಾಗಲ, ಪಡವಲ, ಕೆಸುವನ್ನೂ ಬಾಗಿಲಲ್ಲೇ ತಡೆಯಿತು. ಮಾವಿನ ನಿಷೇಧ ತೆರವಾಗಲು ಮರುವರ್ಷದ ಜನವರಿ ಬರಬೇಕಾಯಿತು. ಮೊಟ್ಟೆ ಇಡುವ ಒಂದು ಚಿಕ್ಕ ನೊಣ ಒಂದು ಇಡೀ ಸುಗ್ಗಿಯ ಮಾರುಕಟ್ಟೆಯನ್ನು ಮುಚ್ಚಿಸಿತ್ತು.

ಬಯಲಿನಲ್ಲಿ ಸಿಂಪಡಿಸುವ ಮಾತು ಬಂದಾಗ ಮಾತ್ರ ಉತ್ಸಾಹಕ್ಕೆ ಕಡಿವಾಣ ಬೇಕು. ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಹೊಡೆದ ಮಜ್ಜಿಗೆಹುಲ್ಲಿನ ಎಣ್ಣೆ ಸಂಜೆಗೆ ಎಲೆಯ ಮೇಲೆ ಎಷ್ಟು ಉಳಿದೀತು? ಪ್ರಮಾಣ ಹೆಚ್ಚಿಸಿದರೆ ಎಲೆ ಸುಡುತ್ತದೆ. ಲವಂಗದ ಎಣ್ಣೆಯನ್ನು ಕಳೆ ಕೊಲ್ಲಲೂ ಬಳಸುತ್ತಾರೆ ಎಂಬುದನ್ನು ಮರೆಯಬಾರದು. ನೂರು ಕಿಲೊ ಹಸಿ ಮಜ್ಜಿಗೆಹುಲ್ಲು ಭಟ್ಟಿಗೆ ಹಾಕಿದರೆ ಸಿಗುವ ಎಣ್ಣೆ ಅರ್ಧ ಕಿಲೊ ಆಸುಪಾಸು. ಅದನ್ನು ಎಕರೆಗಟ್ಟಲೆ ಜೋಳಕ್ಕೆ ಹೊಡೆಯಿರಿ ಎಂದು ಹೇಳುವುದು ರೈತನ ಜೇಬನ್ನು ಅರಿಯದ ಸಲಹೆ.

ತೆರೆದ ಹೊಲಕ್ಕೆ ಕೀನ್ಯಾ ಬೇರೊಂದು ದಾರಿ ತೋರಿಸಿದೆ. ಅಲ್ಲಿನ ಕೀಟ ಸಂಶೋಧನಾ ಸಂಸ್ಥೆ ಐಸಿಐಪಿಇ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಜೊತೆಗೂಡಿ ಮುಸುಕಿನ ಜೋಳದ ಸಾಲುಗಳ ನಡುವೆ ಕಾಂಡಕೊರಕದ ಪತಂಗಕ್ಕೆ ಹಿಡಿಸದ ವಾಸನೆಯ ಡೆಸ್ಮೋಡಿಯಂ ಬೆಳೆಸಿತು, ಹೊಲದ ಅಂಚಿಗೆ ಪತಂಗ ಒಲಿದು ಬರುವ ನೇಪಿಯರ್ ಹುಲ್ಲು ನೆಟ್ಟಿತು. ಎಣ್ಣೆ ತೆಗೆಯುವ ಖರ್ಚೇ ಇಲ್ಲ. ಗಿಡ ಬದುಕಿರುವಷ್ಟು ದಿನ ವಾಸನೆ ತಾನೇ ಹೊಮ್ಮುತ್ತಿರುತ್ತದೆ. ಮುಸುಕಿನ ಜೋಳವನ್ನು ತಿನ್ನುವ ಫಾಲ್ ಸೈನಿಕ ಹುಳು 2018ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿದ್ದು ನಮ್ಮ ಶಿವಮೊಗ್ಗದಲ್ಲೇ. ಹಾಗಾಗಿ ಕೀನ್ಯಾದ ಈ ಪ್ರಯೋಗವನ್ನು ನಮ್ಮ ಜೋಳದ ಹೊಲಗಳಲ್ಲಿ ಗಂಭೀರವಾಗಿ ಮಾಡಿ ನೋಡುವ ಹೊಣೆ ಕರ್ನಾಟಕದ ಮೇಲೆ ಹೆಚ್ಚಿದೆ.

ಸುಗಂಧ ತೈಲದ ನಿಜವಾದ ಜಾಗ ಮುಚ್ಚಿದ ಜಾಗ. ಹಾರಿಹೋಗುವ ಎಣ್ಣೆಗೆ ಮುಚ್ಚಳ ಹಾಕಿದರೆ ಅದು ಹೊಗೆಯಂತೆ ಮೂಲೆಮೂಲೆ ತಲುಪುತ್ತದೆ. ಯುರೋಪಿನ ಜೇನುಗಾರರು ವರೋವಾ ನುಸಿಗೆ ಜೇನುಪೆಟ್ಟಿಗೆಯೊಳಗೆ ಥೈಮಾಲ್ ಇಡುವುದು ಇದೇ ಕಾರಣಕ್ಕೆ. ನಮ್ಮ ಅಜ್ಜಿಯರು ರಾಗಿ, ಹುರುಳಿಯ ವಾಡೆಯಲ್ಲಿ ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಹರಡಿ ಬಾಯಿ ಮುಚ್ಚಿ ಸಗಣಿ ಸಾರಿಸುತ್ತಿದ್ದರು. ಸೊಪ್ಪಿನಷ್ಟೇ ಆ ಸಾರಿಸಿದ ಬಾಯಿಯೂ ಮುಖ್ಯವಾಗಿತ್ತು.

ಈಗ ಕಾಳಿನ ಗೋದಾಮಿನಲ್ಲಿ ನಡೆಯುತ್ತಿರುವುದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ಆಡಳಿತ. ಅದರಿಂದ ಹೊಮ್ಮುವ ಫಾಸ್ಫೀನ್ ಅನಿಲಕ್ಕೆ ಹಿಟ್ಟಿನ ಕೆಂಪು ದುಂಬಿ, ಕಾಳು ಕೊರೆಯುವ ದುಂಬಿಗಳು ದೇಶದ ಹಲವೆಡೆ ಜಗ್ಗದಾಗಿವೆ. ಇನ್ನೊಂದು ಅನಿಲ ಮೀಥೈಲ್ ಬ್ರೋಮೈಡ್. ಓಜೋನ್ ಪದರಕ್ಕೆ ಕುತ್ತೆಂದು ಮಾಂಟ್ರಿಯಲ್ ಒಪ್ಪಂದದಡಿ ಅಭಿವೃದ್ಧಿಶೀಲ ದೇಶಗಳಲ್ಲೂ 2015ಕ್ಕೆ ಅದರ ಸಾಮಾನ್ಯ ಬಳಕೆ ಮುಗಿಯಿತು. ಫಾಸ್ಫೈಡ್ ಗುಳಿಗೆಯ ವಿಷಕ್ಕಂತೂ ಪ್ರತಿಮದ್ದಿಲ್ಲ, ಮನೆಯ ಕೋಣೆಯಲ್ಲಿ ಚೀಲಗಳ ಪಕ್ಕ ಮಲಗುವ ಕುಟುಂಬಕ್ಕೆ ಅದು ಮೃತ್ಯು. ಬೀಜದ ಡ್ರಮ್ಮು, ಬೇಳೆಯ ಡಬ್ಬ, ಸಣ್ಣ ಉಗ್ರಾಣ: ಸುಗಂಧ ತೈಲ ಗೆಲ್ಲಬಹುದಾದ ಕಣ ಇದು.

ಇಲ್ಲೂ ಬಜೆಯ ಪಾಠ ಕೇಳಬೇಕು. ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ನೀರು ನಿಲ್ಲುವ ಗದ್ದೆಯಲ್ಲಿ ಬೆಳೆಯುವ ಬಜೆಯನ್ನು ತೇಯ್ದು ಎಳೆಗೂಸಿನ ನಾಲಿಗೆಗೆ ಸವರುವುದು ನಮ್ಮಲ್ಲಿ ವಾಡಿಕೆ. ಅದರ ಎಣ್ಣೆಯ ಆವಿ ಕಾಳಿನ ಹುಳುಗಳ ಅಂಡಾಶಯವನ್ನೇ ಕೆಡಿಸಿ ಸಂತಾನ ನಿಲ್ಲಿಸುತ್ತದೆ. ಆ ಕೆಲಸ ಮಾಡುವ ಬೀಟಾ ಅಸರೋನ್ ಇಲಿಗಳಲ್ಲಿ ಕ್ಯಾನ್ಸರ್ ತಂದದ್ದು ಕಂಡು ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಿಂದ ಹೊರಗಿಟ್ಟಿತು. ಅಮೆರಿಕದ ಕಾಡು ಬಜೆಯಲ್ಲಿ ಈ ಅಂಶವಿಲ್ಲ, ನಮ್ಮ ಬಜೆಯಲ್ಲಿ ಹೇರಳ. ಗಿಡದ ಹೆಸರು ಒಂದೇ ಆದ ಮಾತ್ರಕ್ಕೆ ಎಣ್ಣೆ ಒಂದೇ ಅಲ್ಲ. ಬಿತ್ತನೆ ಬೀಜಕ್ಕೆ ಬಜೆ ಸರಿ; ಊಟದ ಕಾಳಿಗೆ ಬೇಡ ಎಂದು ಸ್ಪಷ್ಟವಾಗಿ ಹೇಳುವ ಧೈರ್ಯ ಸಾವಯವ ಚಳವಳಿಗೂ ಬರಬೇಕು.

ಕಾನೂನಿನ ಮಾತು ಚಿಕ್ಕದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ಲವಂಗ, ದಾಲ್ಚಿನ್ನಿ, ಸಿಟ್ರೊನೆಲ್ಲಾದಂಥ ಎಣ್ಣೆಗಳಿಗೆ ನೋಂದಣಿಯಿಂದ ವಿನಾಯಿತಿ ಕೊಟ್ಟಿತು. ಹೊಸ ಸರಕು ಬೇಗ ಅಂಗಡಿಗೆ ಬಂತು, ಕೆಲಸ ಮಾಡದ ಸರಕೂ ಜೊತೆಗೇ ಬಂತು. ನಮ್ಮಲ್ಲಿ 1968ರ ಕೀಟನಾಶಕ ಕಾಯ್ದೆಯ ಪ್ರಕಾರ ನೋಂದಣಿ ಬೇಕೇ ಬೇಕು. ಆ ಬಾಗಿಲನ್ನು ಸುಲಭ ಮಾಡಲಿ, ತೆಗೆದುಹಾಕುವುದು ಬೇಡ. ಬಾಟಲಿಯ ಮೇಲೆ ಯಾವ ಗಿಡ, ಮುಖ್ಯ ಅಂಶ ಶೇಕಡಾ ಎಷ್ಟು, ಯಾವ ಹುಳುವಿಗೆ ಎಂಬುದು ಕನ್ನಡದಲ್ಲಿ ಅಚ್ಚಾಗಿರಬೇಕು.

ಇನ್ನು ಗೋಷ್ಠಿಗಳು ಶುರುವಾಗುತ್ತವೆ. ಪ್ರಬಂಧ ಓದುವವರಲ್ಲಿ ಒಂದು ವಿನಂತಿ: ಗಾಜಿನ ತಟ್ಟೆಯಲ್ಲಿ ಎಷ್ಟು ಹುಳು ಸತ್ತವು ಎಂದು ಹೇಳಿದ ಮೇಲೆ, ಮುಂದಿನ ಸಾಲಿನಲ್ಲಿ ಕೂತಿರುವ ಕಲಬುರಗಿಯ ತೊಗರಿ ಬೆಳೆಗಾರರಿಗೂ ಉತ್ತರ ಕೊಡಿ. ಐವತ್ತು ಕಿಲೊ ಬೀಜದ ಡ್ರಮ್ಮಿಗೆ ಎಷ್ಟು ಎಣ್ಣೆ, ಎಷ್ಟು ದಿನ ಮುಚ್ಚಿಡಬೇಕು, ಖರ್ಚು ಎಷ್ಟು, ಮುಂಗಾರಿಗೆ ತೆಗೆದು ಬಿತ್ತಿದರೆ ಆ ಬೀಜ ಮೊಳೆಯುತ್ತದೆಯೇ.