ಕೊನೆಗಾರನ ಇಪ್ಪತ್ತು ರೂಪಾಯಿ



ತರೀಕೆರೆಯ ಕಡೆಯವರಿಗೆ ಚೇಣಿ ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಮರದ ಮೇಲಿರುವ ಅಡಿಕೆ ಫಸಲನ್ನು ಚೇಣಿದಾರನು ಮೊದಲೇ ಮಾತಾಡಿ ಕೊಳ್ಳುತ್ತಾನೆ. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲವೂ ಅವನ ಹೊಣೆ. ಧಾರಣೆ ಏರಿದರೆ ಲಾಭ ಅವನದು, ಕುಸಿದರೆ ನಷ್ಟವೂ ಅವನದೇ. ತೋಟದ ಒಡೆಯನು ತನ್ನ ಅಪಾಯದ ಒಂದು ಭಾಗವನ್ನು ಇನ್ನೊಬ್ಬನ ಹೆಗಲಿಗೆ ದಾಟಿಸಿದ್ದಾನೆ. ವಿಮೆಯೂ ಇಂಥದೇ ಒಂದು ವ್ಯವಹಾರ.

ಆದರೆ ಮರ ಹತ್ತುವವನ ಅಪಾಯದ ಬಗ್ಗೆ ಈ ಒಪ್ಪಂದದಲ್ಲಿ ಸಾಮಾನ್ಯವಾಗಿ ಮಾತೇ ಬರುವುದಿಲ್ಲ. ಒಮ್ಮೆ ಚಿತ್ರೀಕರಣಕ್ಕೆಂದು ಅಂಥ ತೋಟಕ್ಕೆ ಹೋಗಿದ್ದೆವು. ನಮ್ಮನ್ನು ಕರೆತಂದ ಬಾಡಿಗೆ ಜೀಪಿಗೆ ವಿಮೆಯಿತ್ತು, ಕಾನೂನೇ ಹಾಗಿದೆ. ಮರದಿಂದ ಮರಕ್ಕೆ ಬಾಗಿ ದಾಟುತ್ತಿದ್ದ ಕೊನೆಗಾರನು ಕೆಳಗಿಳಿದ ಮೇಲೆ, ನಿನಗೆ ವಿಮೆ ಇದೆಯೇ ಎಂದು ಕೇಳಿದೆ. "ನಂಗ್ಯಾರು ಮಾಡ್ತಾರೆ ಸ್ವಾಮಿ?" ಎಂದು ನಕ್ಕ.

ಅವನೇ ಮಾಡಿಸಿಕೊಳ್ಳಬಹುದು. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತು ಮೊದಲು 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ರೂಪಾಯಿ ಆಯಿತು. 18ರಿಂದ 70 ವರ್ಷದೊಳಗಿನವರು, ಬ್ಯಾಂಕ್ ಖಾತೆ ಇದ್ದವರು ಸೇರಬಹುದು. ಅಪಘಾತದಲ್ಲಿ ಮರಣವಾದರೆ ಕುಟುಂಬಕ್ಕೆ 2 ಲಕ್ಷ.

ಗಣಿತ ಬಲ್ಲವರು ಒಮ್ಮೆ ಭಾಗಿಸಿ ನೋಡಿ. 2 ಲಕ್ಷಕ್ಕೆ 20 ಎಂದರೆ 10,000ಕ್ಕೆ 1. ಅಂದರೆ ಹತ್ತು ಸಾವಿರ ಜನರ ಕಂತು ಕೂಡಿದರೆ ಒಂದು ಕುಟುಂಬಕ್ಕೆ ಪರಿಹಾರವಾಗುತ್ತದೆ, ಖರ್ಚಿಗೆ ಏನೂ ಉಳಿಯುವುದಿಲ್ಲ. ಬರೀ ಕೊನೆಗಾರರನ್ನೇ ಸೇರಿಸಿ ಇಷ್ಟು ಅಗ್ಗದ ವಿಮೆ ನಡೆಸುವುದು ಕಷ್ಟವೆಂದು ನನ್ನ ಎಣಿಕೆ. ಮೇಜಿನ ಮುಂದೆ ಕುಳಿತಿರುವ ಗುಮಾಸ್ತರೂ ಅಧ್ಯಾಪಕರೂ ಅದೇ 20 ರೂಪಾಯಿ ಕೊಡುವುದರಿಂದಲೇ ಲೆಕ್ಕ ಸರಿಹೋಗುತ್ತದೆ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಜೂನ್ 1ರ ಹೊತ್ತಿಗೆ ಖಾತೆಯಲ್ಲಿ ಹಣವಿಲ್ಲದೆ ಕಂತು ಕಡಿತವಾಗದಿದ್ದರೆ ರಕ್ಷಣೆ ನಿಂತುಹೋಗುತ್ತದೆ. ಮರದಿಂದ ಬಿದ್ದ ಪ್ರಕರಣದಲ್ಲಿ ಕೂಡಲೇ ಆಸ್ಪತ್ರೆಗೆ ಹೋದ ದಾಖಲೆ ಬೇಕು. ಗಾಬರಿಯಲ್ಲಿ ಮನೆಯವರು ಮರೆಯುವುದು ಇದನ್ನೇ. ನಿಮ್ಮ ಮನೆಯ ಪಾಸ್‌ಪುಸ್ತಕವನ್ನು ಇಂದು ಸಂಜೆ ತೆಗೆದು ನೋಡಿ.

ಇನ್ನು ಅಂಗಡಿಯ ಮಾತು. ಕಡೂರಿನ ಒಬ್ಬ ಕೊಬ್ಬರಿ ವ್ಯಾಪಾರಿಯ ಮಳಿಗೆಯಲ್ಲಿ 10 ಲಕ್ಷದ ದಾಸ್ತಾನು ಇದೆ ಎಂದಿಟ್ಟುಕೊಳ್ಳಿ. ಕಂತು ಉಳಿಸಲು ಆತ 5 ಲಕ್ಷಕ್ಕೆ ಮಾತ್ರ ಅಗ್ನಿವಿಮೆ ಮಾಡಿಸಿದ. ಬೆಂಕಿಯಲ್ಲಿ 4 ಲಕ್ಷದ ಮಾಲು ಹೋಯಿತು. ಅವನಿಗೆ ಬರುವುದು 4 ಲಕ್ಷವಲ್ಲ, 2 ಲಕ್ಷ. ಅರ್ಧ ಮೌಲ್ಯಕ್ಕೆ ವಿಮೆ ಮಾಡಿಸಿದವನು ಉಳಿದರ್ಧಕ್ಕೆ ತಾನೇ ವಿಮೆಗಾರ ಎಂಬುದು ನಿಯಮ. 2021ರಲ್ಲಿ ಸಣ್ಣ ಉದ್ಯಮಗಳಿಗಾಗಿ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇಕಡಾ 15ರವರೆಗಿನ ಕೊರತೆಯನ್ನು ಮನ್ನಿಸುತ್ತಾರೆ. ಅರ್ಧದ ಕೊರತೆಯನ್ನಲ್ಲ.

ಅಜ್ಜಂಪುರದ ಈರುಳ್ಳಿ ವ್ಯಾಪಾರಿಗೆ ಇನ್ನೊಂದು ತೊಡಕು. ತಾನಾಗಿ ಕೊಳೆತ ಈರುಳ್ಳಿಗೆ ಅಗ್ನಿವಿಮೆ ಪರಿಹಾರ ಕೊಡುವುದಿಲ್ಲ, ಬಿದ್ದ ಬೆಲೆಗೂ ಕೊಡುವುದಿಲ್ಲ. ಅವನು ಗಾಳಿಯಾಡುವ ಶೆಡ್ಡು ಕಟ್ಟಿಸಬೇಕು, ಮಾಲನ್ನು ಒಂದೇ ದಿನಕ್ಕೆ ಕಾಯದೆ ಎರಡು ಮೂರು ಕಂತಿನಲ್ಲಿ ಮಾರಬೇಕು.