ಒಬ್ಬನ ಮಾತು, 90 ವರ್ಷ ಜೈಲು

ಡ್ರಗ್ಸ್ ಮಾರಿದವನಿಗೆ ಎಷ್ಟು ವರ್ಷ ಜೈಲಾಗಬೇಕು? ಈ ಪ್ರಶ್ನೆಗೆ ಬಹಳ ಜನರ ಹತ್ರ ಉತ್ತರ ರೆಡಿ ಇದೆ. ಜೀವನಪೂರ್ತಿ ಒಳಗೆ ಹಾಕಿ ಅಂತಾರೆ. ಕಾಲೇಜಿಗೆ ಹೋಗೋ ಮಕ್ಕಳಿರೋ ಮನೆಯವರ ಸಿಟ್ಟು ಅದು, ಅರ್ಥವಾಗುತ್ತೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಮಾರಿದ್ದು ಅವನೇ ಅಂತ ಗೊತ್ತಾಗಿದ್ದು ಹೇಗೆ?

ಇವತ್ತು ನಿಮ್ಮನ್ನ ಅಮೆರಿಕಕ್ಕೆ ಕರ್ಕೊಂಡು ಹೋಗ್ತೀನಿ. ಟೆಕ್ಸಾಸ್ ರಾಜ್ಯ, ಸ್ವಿಶರ್ ಕೌಂಟಿ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಅಂದ್ಕೊಳ್ಳಿ. ಆದರೆ ಆಗ ಇಡೀ ಕೌಂಟಿಯ ಜನಸಂಖ್ಯೆ ಸುಮಾರು 8 ಸಾವಿರ ಇತ್ತು, ನಮ್ಮ ಒಂದು ದೊಡ್ಡ ಹೋಬಳಿಯಷ್ಟೂ ಇರಲಿಲ್ಲ. ಅದರ ಮುಖ್ಯ ಊರು ಟುಲಿಯಾ. ಆಗ ಅಲ್ಲಿದ್ದದ್ದು ಸುಮಾರು 5 ಸಾವಿರ ಜನ. ಹೊಲ, ದನ, ಹಂದಿ ಸಾಕಣೆ. ಎಲ್ಲರಿಗೂ ಎಲ್ಲರ ಪರಿಚಯ ಇರೋ ಊರು.

1999ರ ಜುಲೈ 23. ಬೆಳಗಿನ ಜಾವ. ಪೊಲೀಸರು ಮನೆಮನೆಗೆ ನುಗ್ಗಿದ್ರು. ನಿದ್ದೆಗಣ್ಣಲ್ಲಿದ್ದವರನ್ನ ಎಬ್ಬಿಸಿ, ಕೈಗೆ ಬೇಡಿ ಹಾಕಿ, ಕ್ಯಾಮೆರಾಗಳ ಮುಂದೆ ನಡೆಸಿದ್ರು. ಆ ಕಾರ್ಯಾಚರಣೆಯಲ್ಲಿ ಆರೋಪಿಗಳಾದವರು 46 ಜನ. ಅವರಲ್ಲಿ ಸುಮಾರು 40 ಜನ ಕಪ್ಪುವರ್ಣೀಯರು. ಎಲ್ಲರ ಮೇಲೂ ಹೆಚ್ಚುಕಡಿಮೆ ಒಂದೇ ಆರೋಪ, ಕೊಕೇನ್ ಮಾರಾಟ.

ಈಗ ಗಮನ ಕೊಟ್ಟು ಕೇಳಿ. ಅವತ್ತಿನ ದಾಳಿಯಲ್ಲಿ ಕೊಕೇನ್ ಸಿಗಲಿಲ್ಲ. ಹಣದ ಕಂತೆ ಸಿಗಲಿಲ್ಲ. ಆಯುಧ ಸಿಗಲಿಲ್ಲ. ಇಷ್ಟು ಚಿಕ್ಕ ಊರಲ್ಲಿ ಇಷ್ಟು ಜನ ಮಾರೋರಾದ್ರೆ ಕೊಳ್ಳೋರು ಯಾರು? ಈ ಸರಳ ಪ್ರಶ್ನೆಯನ್ನ ಆ ಹೊತ್ತಲ್ಲಿ ಹೆಚ್ಚಿನವರು ಕೇಳಲೇ ಇಲ್ಲ.

ಹಾಗಾದ್ರೆ ಸಾಕ್ಷಿ ಏನಿತ್ತು? ಟಾಮ್ ಕೋಲ್ಮನ್ ಅನ್ನೋ ಒಬ್ಬ ಅಧಿಕಾರಿಯ ಮಾತು. ಈತ 18 ತಿಂಗಳು ವೇಷ ಮರೆಸಿಕೊಂಡು ಊರಲ್ಲಿ ಓಡಾಡಿದ್ದ. ಇವರೆಲ್ಲ ನನಗೆ ಕೊಕೇನ್ ಮಾರಿದ್ರು ಅಂದ. ಧ್ವನಿಮುದ್ರಣ ಇದೆಯಾ? ಇಲ್ಲ. ವಿಡಿಯೋ? ಇಲ್ಲ. ಜೊತೆಯಲ್ಲಿದ್ದು ನೋಡಿದ ಇನ್ನೊಬ್ಬ ಪೊಲೀಸ್? ಇಲ್ಲ. ಟಿಪ್ಪಣಿಗಳನ್ನ ಕಾಲಿನ ಮೇಲೆ ಬರ್ಕೊಳ್ತಿದ್ದೆ ಅಂತ ಹೇಳಿದ. ಕೋರ್ಟು ಅದನ್ನೂ ಕೇಳಿಸಿಕೊಂಡಿತು.

ಶಿಕ್ಷೆ ನೋಡಿ. ಐವತ್ತು ದಾಟಿದ್ದ ಒಬ್ಬ ಹಂದಿ ಸಾಕಣೆಗಾರನಿಗೆ 90 ವರ್ಷ. ಹಿಂದೆ ಒಂದೂ ಅಪರಾಧ ಮಾಡಿರದ ಒಬ್ಬ ಯುವಕನಿಗೆ 20 ವರ್ಷ. ಇನ್ನೊಬ್ಬನಿಗೆ ಎಲ್ಲ ಕೂಡಿಸಿ 300 ವರ್ಷಕ್ಕೂ ಹೆಚ್ಚು. ಇದೆಲ್ಲ ಕೆಲವೇ ಗ್ರಾಂ ಲೆಕ್ಕದ ಮಾರಾಟಗಳಿಗೆ. ಟೆಕ್ಸಾಸ್‌ನಲ್ಲಿ ಶಿಕ್ಷೆಯ ಪ್ರಮಾಣವನ್ನೂ ಜ್ಯೂರಿಯೇ ನಿಗದಿ ಮಾಡಬಹುದು. ಮೊದಲ ಕೆಲವರಿಗೆ ಹೀಗೆ ದಶಕಗಟ್ಟಲೆ ಶಿಕ್ಷೆ ಬಿದ್ದದ್ದೇ ತಡ, ಉಳಿದವರ ಎದೆ ಒಡೆದುಹೋಯ್ತು. ವಿಚಾರಣೆ ಎದುರಿಸಿ ಸೋತ್ರೆ ಆಯಸ್ಸೇ ಜೈಲು, ಒಪ್ಕೊಂಡ್ರೆ ಕೆಲವು ವರ್ಷ. ಏನು ಮಾಡ್ತಾರೆ? ಒಪ್ಕೊಂಡ್ರು. ಶಿಕ್ಷೆಯಾದ 38 ಜನರಲ್ಲಿ ಹೆಚ್ಚಿನವರು ಹೀಗೆ ತಪ್ಪೊಪ್ಪಿಕೊಂಡವರೇ. ಕೋಲ್ಮನ್‌ಗೆ ರಾಜ್ಯಮಟ್ಟದ ಪ್ರಶಸ್ತಿ ಬಂತು.

ಆದರೆ ಸುಳ್ಳಿಗೆ ಲೆಕ್ಕ ಕೂಡಿ ಬರೋದಿಲ್ಲ. ಒಬ್ಬ ಹೆಣ್ಣುಮಗಳು ಕೊಕೇನ್ ಮಾರಿದಳು ಅಂತ ಈತ ಹೇಳಿದ ದಿನ, ಆಕೆ ಪಕ್ಕದ ರಾಜ್ಯದ ಒಕ್ಲಹೋಮಾ ಸಿಟಿಯಲ್ಲಿದ್ದಳು ಅಂತ ಬ್ಯಾಂಕ್ ದಾಖಲೆ ಹೇಳಿತು. ಕೇಸು ಬಿದ್ದುಹೋಯ್ತು. ಮತ್ತೊಬ್ಬ ಆ ಹೊತ್ತಿಗೆ ಕೆಲಸದಲ್ಲಿದ್ದ, ಹಾಜರಿ ಕಾರ್ಡ್ ಇತ್ತು. ಅಷ್ಟೇ ಅಲ್ಲ, ಕೋಲ್ಮನ್ ಹಿಂದೆ ಕೆಲಸ ಮಾಡಿದ್ದ ಕೌಂಟಿಯಲ್ಲಿ ಆತನ ಮೇಲೇ ಕಳ್ಳತನದ ಆರೋಪ ದಾಖಲಾಗಿತ್ತು. ವೇಷ ಮರೆಸಿ ಓಡಾಡ್ತಿದ್ದ ಅವಧಿಯಲ್ಲೇ!

ಇಲ್ಲಿ ನಮ್ಮವರ ಹೆಸರೊಂದು ಬರುತ್ತೆ. ವನಿತಾ ಗುಪ್ತಾ. ಭಾರತದಿಂದ ವಲಸೆ ಹೋದ ಕುಟುಂಬದ ಮಗಳು. 2001ರಲ್ಲಿ ಕಾನೂನು ಪದವಿ ಮುಗಿಸಿದ್ದ ಈಕೆ, ಮೊದಲ ಕೆಲಸದಲ್ಲೇ ಟುಲಿಯಾ ಕೇಸನ್ನ ಕೈಗೆತ್ತಿಕೊಂಡರು. ಪಕ್ಕದ ಅಮರಿಲೊ ನಗರದ ವಕೀಲ ಜೆಫ್ ಬ್ಲ್ಯಾಕ್‌ಬರ್ನ್ ಅದಾಗಲೇ ಹೋರಾಡ್ತಿದ್ರು. 2003ರ ಮಾರ್ಚ್‌ನಲ್ಲಿ ವಿಶೇಷ ವಿಚಾರಣೆ ನಡೀತು. ಪಾಟಿಸವಾಲಿಗೆ ಕೋಲ್ಮನ್ ನಿಲ್ಲಲಿಲ್ಲ. ಈತನ ಮಾತು ನಂಬಲು ಅರ್ಹವಲ್ಲ ಅಂತ ಸರ್ಕಾರಿ ವಕೀಲರೇ ಒಪ್ಪಬೇಕಾಯ್ತು. ಆಗಸ್ಟ್‌ನಲ್ಲಿ ಗವರ್ನರ್ ರಿಕ್ ಪೆರ್ರಿ 35 ಜನರಿಗೆ ಕ್ಷಮಾದಾನ ಕೊಟ್ಟರು. ಹತ್ತಾರು ಲಕ್ಷ ಡಾಲರ್ ಪರಿಹಾರವೂ ಸಿಕ್ಕಿತು. 2005ರಲ್ಲಿ ಕೋಲ್ಮನ್ ಸುಳ್ಳು ಸಾಕ್ಷ್ಯ ಹೇಳಿದ್ದು ಸಾಬೀತಾಯ್ತು. ಶಿಕ್ಷೆ? 10 ವರ್ಷ ಪ್ರೊಬೇಷನ್. ಜೈಲಿಲ್ಲ. ಅವನ ಮಾತಿಗೆ 90 ವರ್ಷ, ಅವನ ಸುಳ್ಳಿಗೆ ಒಂದು ದಿನವೂ ಇಲ್ಲ.

ಇದು ಅಮೆರಿಕದ ಕಥೆ, ನಮಗ್ಯಾಕೆ ಅಂತೀರಾ? ನಮ್ಮ ಎನ್‌ಡಿಪಿಎಸ್ ಕಾಯ್ದೆ ನೋಡಿ, 1985ರದ್ದು. 20 ಕೆಜಿಗಿಂತ ಹೆಚ್ಚು ಗಾಂಜಾ ಸಿಕ್ಕರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ. ಜಾಮೀನು ಬಹಳ ಕಷ್ಟ. ಕಾನೂನು ಗಟ್ಟಿಯಾಗಿರಲಿ, ನನ್ನ ತಕರಾರಿಲ್ಲ. ಆದರೆ ದೂರು ಕೊಟ್ಟ ಅಧಿಕಾರಿಯೇ ತನಿಖೆಯನ್ನೂ ಮಾಡಬಹುದಾ? ಮಾಡಬಾರದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2020ರಲ್ಲಿ ಸಂವಿಧಾನ ಪೀಠ ಅದನ್ನ ಬದಲಿಸಿತು. ಅಷ್ಟೇ ಕಾರಣಕ್ಕೆ ಕೇಸು ಬೀಳೋದಿಲ್ಲ, ಪಕ್ಷಪಾತ ಆಗಿದೆಯಾ ಅಂತ ಆಯಾ ಕೇಸಲ್ಲಿ ನೋಡಬೇಕು ಅಂತು. ಅಂದ್ರೆ ಬೇರೆ ಸಾಕ್ಷ್ಯಗಳ ಭಾರ ಇನ್ನೂ ಹೆಚ್ಚಾಯ್ತು.

ನಾನು ಇಂಜಿನಿಯರಿಂಗ್ ಓದಿದವನು. ಲ್ಯಾಬಲ್ಲಿ ಒಂದೇ ಮೀಟರಿನ ರೀಡಿಂಗ್ ನಂಬಬೇಡಿ ಅಂತ ಹೇಳಿಕೊಡ್ತಾರೆ. ಇನ್ನೊಂದರಲ್ಲಿ ಅಳತೆ ಮಾಡಿ, ತಾಳೆ ನೋಡಿ ಅಂತಾರೆ. ಒಬ್ಬ ಮನುಷ್ಯನ ಇಡೀ ಆಯಸ್ಸಿನ ವಿಷಯದಲ್ಲಿ ಅಷ್ಟಾದರೂ ಬೇಡವಾ? 2024ರ ಜುಲೈ 1ರಿಂದ ಜಾರಿಯಾದ ಬಿಎನ್‌ಎಸ್‌ಎಸ್‌ನ 105ನೇ ಸೆಕ್ಷನ್ ಇದನ್ನೇ ಹೇಳುತ್ತೆ. ಶೋಧ ಮತ್ತು ಜಪ್ತಿಯನ್ನ ಧ್ವನಿ ಸಮೇತ ಚಿತ್ರೀಕರಿಸಬೇಕು, ಮೊಬೈಲ್‌ನಲ್ಲಾದ್ರೂ ಸರಿ. ಪ್ರಾಮಾಣಿಕ ಪೊಲೀಸರಿಗೆ ಇದರಿಂದ ನಷ್ಟವೇನಿಲ್ಲ. ಅವರ ಕೇಸಿಗೆ ಇದೇ ಬಲ.

ಸುಳ್ಳು ಕೇಸಿನಿಂದ ನಿಜವಾದ ಪೆಡ್ಲರ್‌ಗೆ ಏನೂ ಆಗೋದಿಲ್ಲ. ಅವನು ಹೊರಗೇ ಇರ್ತಾನೆ, ನಿಮ್ಮ ಮಕ್ಕಳ ಕಾಲೇಜಿನ ಗೇಟಿನ ಹತ್ರವೇ ಇರ್ತಾನೆ. ಹಾಗಾಗಿ ಮುಂದಿನ ಸಲ ನಮ್ಮದೇ ಸ್ಕ್ರೀನ್ ಮೇಲೆ ಡ್ರಗ್ಸ್ ಆರೋಪಿ ಅರೆಸ್ಟ್ ಅಂತ ಕಂಡಾಗ ಎಷ್ಟು ವರ್ಷ ಅಂತ ಆಮೇಲೆ ಕೇಳಿ. ಮೊದಲು ಸಾಕ್ಷಿ ಏನು ಅಂತ ಕೇಳಿ. ನಮ್ಮನ್ನೂ ಕೇಳಿ.