‘ಕನ್ಸರ್ವೇಟಿವ್’ ಎಂಬ ಮಾತು



ನಮ್ಮ ಪಟ್ಟಣಗಳಲ್ಲಿ ಓದುಬರಹ ಬಲ್ಲ ಇಬ್ಬರು ಕೂಡಿದೆಡೆಯಲ್ಲಿ, ಮೂರನೆಯವರನ್ನು ಕುರಿತು ‘ಅವರು ಬಹಳ ಕನ್ಸರ್ವೇಟಿವ್’ ಎಂದು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಆ ಮೂರನೆಯವರು ಹೋಟೆಲಿನಲ್ಲಿ ಉಣ್ಣದವರಾಗಿರಬಹುದು. ಮಗಳನ್ನು ದೂರದ ಊರಿಗೆ ಓದಲು ಕಳುಹಿಸದವರಾಗಿರಬಹುದು. ಅಥವಾ ಹಣವನ್ನು ಷೇರುಪೇಟೆಗೆ ಹಾಕದೆ ಬ್ಯಾಂಕಿನಲ್ಲಿಟ್ಟು ಸುಖವಾಗಿ ನಿದ್ರಿಸುವವರಾಗಿರಬಹುದು. ಎಲ್ಲಕ್ಕೂ ಮಾತು ಒಂದೇ. ಅದು ಬೈಗುಳೋ ಹೊಗಳಿಕೆಯೋ ಎಂಬುದನ್ನು ಹೇಳುವವರ ಧ್ವನಿಯಿಂದಲೇ ತಿಳಿಯಬೇಕು. ಒಂದು ಮಾತನ್ನು ಇಷ್ಟು ದುಡಿಸಿಕೊಳ್ಳುವಾಗ ಅದರ ಕುಲಗೋತ್ರಗಳನ್ನು ವಿಚಾರಿಸುವುದು ನ್ಯಾಯವೇ ಸರಿ.

ಲ್ಯಾಟಿನ್ ಭಾಷೆಯಲ್ಲಿ ‘ಸೆರ್ವಾರೆ’ ಎಂದರೆ ಕಾಯುವುದು. ‘ಕೊನ್’ ಎಂಬ ಉಪಸರ್ಗವು ಸೇರಿ ‘ಕೊನ್ಸೆರ್ವಾರೆ’ ಎಂದಾದಾಗ ಚೆನ್ನಾಗಿ ಕಾಪಾಡುವುದು, ಕೆಡದಂತೆ ಇಡುವುದು ಎಂಬ ಅರ್ಥ ಬಂದಿತು. ಯೂರೋಪಿನ ಭಾಷೆಗಳಲ್ಲಿ ಈ ಧಾತುವಿನ ಸಂತಾನವು ಬಹಳ ಬೆಳೆದಿದೆ. ಸಕ್ಕರೆಯಲ್ಲಿ ಕೆಡದಂತೆ ಇಟ್ಟ ಹಣ್ಣಿಗೂ ಇದೇ ಹೆಸರು. ಫ್ರಾನ್ಸಿನಲ್ಲಿ ವಸ್ತುಸಂಗ್ರಹಾಲಯದ ಅಧಿಕಾರಿಯು ‘ಕೊನ್ಸೆರ್ವಾತೆರ್’. ಇಟಲಿಯ ನೇಪಲ್ಸ್ ನಗರದಲ್ಲಿ ಅನಾಥ ಮಕ್ಕಳನ್ನು ಸಾಕುತ್ತಿದ್ದ ಮನೆಗಳಿಗೆ ‘ಕೊನ್ಸೆರ್ವತೋರಿಯೊ’ ಎಂದು ಹೆಸರಿತ್ತು; ಆ ಮಕ್ಕಳಿಗೆ ಸಂಗೀತವನ್ನು ಕಲಿಸುವ ಏರ್ಪಾಡು ಅಲ್ಲಿ ಪ್ರಬಲವಾದುದರಿಂದ, ಮುಂದೆ ಸಂಗೀತಶಾಲೆಗೇ ಆ ಹೆಸರು ನಿಂತಿತು.

ನಮ್ಮ ದೇಶದಲ್ಲಿ ಈ ಮಾತು ಇನ್ನೂ ವಿಚಿತ್ರವಾದ ಎರಡು ಉದ್ಯೋಗಗಳನ್ನು ಹಿಡಿಯಿತು. ಅರಣ್ಯ ಇಲಾಖೆಯ ದೊಡ್ಡ ಅಧಿಕಾರಿ ‘ಕನ್ಸರ್ವೇಟರ್’. ಆತನು ಕಾಡನ್ನು ಕಾಯುತ್ತಾನೆ. ಊರಿನ ಕಸವನ್ನೂ ಮಲವನ್ನೂ ಸಾಗಿಸುವ ಪುರಸಭೆಯ ವ್ಯವಸ್ಥೆಗೆ ‘ಕನ್ಸರ್ವೆನ್ಸಿ’ ಎಂದು ಹೆಸರಾಯಿತು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂಬದಿಗೆ ಇಕ್ಕಟ್ಟಾದ ‘ಕನ್ಸರ್ವೆನ್ಸಿ’ ಓಣಿಗಳಿರುವುದನ್ನು ಅನೇಕರು ಬಲ್ಲಿರಿ. ಮುಂಬಾಗಿಲಿನಿಂದ ಬರಗೊಡದ ಜನರಿಂದ ಹಿಂಬಾಗಿಲಿನ ಆ ಓಣಿಯಲ್ಲಿ ಊರಿನವರು ಮಲವನ್ನು ಹೊರಿಸಿದರು. ಆ ಕೆಲಸವನ್ನು ಕಾನೂನು ನಿಷೇಧಿಸಿದ್ದು 1993ರಲ್ಲಿ, ಮತ್ತೆ ಬಿಗಿಯಾಗಿ 2013ರಲ್ಲಿ. ಕಾಪಾಡುವುದೆಂಬ ಮಾತು ಇಲ್ಲಿ ಹೊರಕ್ಕೆ ಹಾಕುವುದೆಂಬ ಅರ್ಥಕ್ಕೆ ಬಂದು ನಿಂತಿದೆ. ಇದು ವಿಪರೀತವೆಂದು ತೋರಿದರೂ ಅಷ್ಟು ವಿಪರೀತವಲ್ಲ. ಊರಿನ ಆರೋಗ್ಯ ಉಳಿಯಬೇಕಾದರೆ ಕೊಳೆಯು ಹೋಗಲೇಬೇಕು. ಯಾವುದು ಕೊಳೆ, ಯಾವುದು ಸೊತ್ತು ಎಂಬ ತೀರ್ಪು ಮಾತ್ರ ಈ ಮಾತಿನೊಳಗೆ ಇಲ್ಲ. ನಮ್ಮ ಇಂದಿನ ವಿಚಾರವೆಲ್ಲ ಈ ಒಂದು ಸಂಗತಿಯನ್ನು ಹಿಡಿದಿದೆ.

ಈ ಮಾತು ರಾಜಕೀಯಕ್ಕೆ ಇಳಿದುದು ಫ್ರಾನ್ಸಿನ ಮಹಾಕ್ರಾಂತಿಯ ಬಳಿಕ. 1799ರ ರಾಜ್ಯಾಂಗದಲ್ಲಿ ‘ಕಾಪಾಡುವ ಸೆನೆಟ್’ ಎಂಬ ಒಂದು ಸಭೆಯಿದ್ದಿತು. ಸ್ವಾರಸ್ಯವೇನೆಂದರೆ, ಅದು ಕಾಪಾಡಬೇಕಾಗಿದ್ದುದು ಹಳೆಯ ಅರಸೊತ್ತಿಗೆಯನ್ನಲ್ಲ, ಆಗತಾನೆ ಹುಟ್ಟಿದ ಹೊಸ ರಾಜ್ಯಾಂಗವನ್ನು. 1818ರಲ್ಲಿ ಶಾತೊಬ್ರಿಯಾಂ ಎಂಬ ಸಾಹಿತಿಯು ಇದೇ ಹೆಸರಿನ ಪತ್ರಿಕೆಯನ್ನು ಹೊರಡಿಸಿದನು. ಅವನ ಪಕ್ಷವು ಅರಸನ ಪಕ್ಷ. ಇಪ್ಪತ್ತು ವರುಷ ಕಳೆಯುವುದರೊಳಗೆ ಮಾತು ಕೋಟೆಯ ಈ ಬಾಗಿಲಿನಿಂದ ಆ ಬಾಗಿಲಿಗೆ ನಡೆದುಬಿಟ್ಟಿತು.

ಇಂಗ್ಲೆಂಡಿನಲ್ಲಿ ಆ ಪಕ್ಷದವರಿಗೆ ಅದಕ್ಕೆ ಮೊದಲು ‘ಟೋರಿ’ ಎಂಬ ಹೆಸರಿತ್ತು. ಅದು ಐರಿಷ್ ಭಾಷೆಯ ಮಾತು. ಕಾಡು ಸೇರಿ ದಾರಿ ದೋಚುವವನೆಂದು ಅರ್ಥ. 1680ರ ಆಸುಪಾಸಿನಲ್ಲಿ ಎದುರಾಳಿಗಳು ಬೈದ ಬೈಗುಳನ್ನೇ ಅವರು ಬಿರುದಾಗಿ ಧರಿಸಿಕೊಂಡರು. 1830ರ ಜನವರಿಯಲ್ಲಿ ‘ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಯಲ್ಲಿ ಹೆಸರು ಹಾಕದ ಒಂದು ಲೇಖನವು ಬಂದು, ಈ ಪಕ್ಷಕ್ಕೆ ‘ಕನ್ಸರ್ವೇಟಿವ್’ ಎಂಬುದೇ ಹೆಚ್ಚು ಯೋಗ್ಯವಾದ ಹೆಸರೆಂದು ಸೂಚಿಸಿತು. 1834ರಲ್ಲಿ ರಾಬರ್ಟ್ ಪೀಲನು ತನ್ನ ಟ್ಯಾಮ್‌ವರ್ತ್ ಕ್ಷೇತ್ರದ ಮತದಾರರಿಗೆ ಬರೆದ ಪತ್ರದಲ್ಲಿ, ದೋಷವೆಂದು ಸಿದ್ಧವಾದುದನ್ನು ತಿದ್ದುತ್ತೇವೆ, ಬೇರನ್ನು ಕೀಳುವುದಿಲ್ಲ ಎಂಬ ಅರ್ಥದ ಮಾತನ್ನಾಡಿ ಪಕ್ಷಕ್ಕೆ ಹೊಸ ಜೀವವನ್ನು ತುಂಬಿದನು. ಅದೇ ಪೀಲನು 1846ರಲ್ಲಿ ಧಾನ್ಯದ ಸುಂಕವನ್ನು ತೆಗೆದುಹಾಕಲು ಹೊರಟಾಗ ಪಕ್ಷವು ಸೀಳಿ ಎರಡಾಯಿತು. ಕಾಪಾಡಬೇಕೆಂಬುದರಲ್ಲಿ ಎಲ್ಲರಿಗೂ ಒಮ್ಮತ. ಜಮೀನುದಾರನ ಲಾಭವನ್ನೋ, ನಾಡಿನ ಶಾಂತಿಯನ್ನೋ ಎಂದು ಕೇಳಿದೊಡನೆ ಜಗಳ.

ನಮ್ಮ ಭಾಷೆಯಲ್ಲಿ ಇದಕ್ಕೆ ಸಮನಾದ ಮಾತು ಯಾವುದು? ನಿಘಂಟುಗಳಲ್ಲಿ ‘ಸಂಪ್ರದಾಯಶರಣ’ ಎಂದು ಕಾಣುತ್ತದೆ. ಮಾತೇನೋ ಗಂಭೀರವಾಗಿದೆ, ಆದರೆ ಶರಣಾಗುವುದು ಬೇರೆ, ಕಾಪಾಡುವುದು ಬೇರೆ. ಕಾವಲುಗಾರನು ಮನೆಯ ಸೊತ್ತಿಗೆ ಶರಣಾಗಿ ಕುಳಿತರೆ ಕಳ್ಳನಿಗೆ ಅನುಕೂಲ! ‘ಮಡಿವಂತ’ ಎಂಬುದು ಬಟ್ಟೆಯನ್ನು ಹಿಡಿದ ಮಾತು. ‘ಸನಾತನಿ’ ಎಂಬುದು ಈಗ ಪಕ್ಷದ ಬಾವುಟವಾಗಿದೆ. ‘ಸಂಪ್ರದಾಯ’ ಎಂಬ ಮಾತನ್ನೇ ಬಿಡಿಸಿ ನೋಡಿದರೆ ಅಲ್ಲಿರುವುದು ‘ದಾ’ ಧಾತು. ಚೆನ್ನಾಗಿ ಕೊಡುವುದು, ಕೈಯಿಂದ ಕೈಗೆ ದಾಟಿಸುವುದು ಎಂದರ್ಥ. ಮುಷ್ಟಿ ಬಿಗಿಹಿಡಿದವನಿಗೆ ಈ ಮಾತು ಒಪ್ಪುವುದೇ ಇಲ್ಲ. ‘ಪುರಾಣ’ ಎಂಬ ಮಾತಿಗೆ ನಿರುಕ್ತಕಾರನಾದ ಯಾಸ್ಕನು ಕೊಟ್ಟ ವ್ಯುತ್ಪತ್ತಿಯು ಇನ್ನೂ ರಸವತ್ತಾದುದು: ಹಿಂದೊಮ್ಮೆ ಹೊಸದಾಗಿದ್ದುದೇ ಪುರಾಣ. ಎಲ್ಲಕ್ಕಿಂತಲೂ ನಮಗೆ ಹಿಡಿಸುವುದು ‘ಯೋಗಕ್ಷೇಮ’ ಎಂಬ ಜೋಡು. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಯುವುದು ಕ್ಷೇಮವೆಂದು ಭಾಷ್ಯಕಾರರು ಬಿಡಿಸಿದ್ದಾರೆ. ಇಂಗ್ಲೆಂಡಿನವರು ಎರಡು ಪಕ್ಷಗಳಿಗೆ ಹಂಚಿಕೊಟ್ಟುದನ್ನು ನಮ್ಮ ಹಿರಿಯರು ಒಂದೇ ಸಮಾಸದಲ್ಲಿ ಕಟ್ಟಿ, ದಿನವೂ ಕಾಗದದ ಮೊದಲ ಸಾಲಿನಲ್ಲಿ ವಿಚಾರಿಸಿಕೊಳ್ಳುತ್ತಿದ್ದರು.

ಪೀಲನು ‘ಕನ್ಸರ್ವೇಟಿವ್’ ಮಂತ್ರಿಮಂಡಲವನ್ನು ರಚಿಸಿದುದು 1841ರಲ್ಲಿ. ಅದೇ ವರುಷ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿಯು ಕೃಷ್ಣಾ ತೀರದ ನಮ್ಮ ಸುರಪುರ ಸಂಸ್ಥಾನಕ್ಕೆ ಬಂದು, 1853ರವರೆಗೆ ಇದ್ದನು. ಆ ನಾಡಿನ ಶಿಲಾಸಮಾಧಿಗಳನ್ನು ಅವನು ಅಳೆದು ಬರೆದಿಟ್ಟುದರಿಂದ ಎಷ್ಟೋ ಸಂಗತಿಗಳು ಉಳಿದುಬಂದವು. ಸಂಸ್ಥಾನ ಮಾತ್ರ ಉಳಿಯಲಿಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಅಂತ್ಯವಾಗಿ, 1860ರಲ್ಲಿ ಅದು ನಿಜಾಮನ ಕೈಸೇರಿತು. ಅರಸರು ಹೋದರು, ನಿಜಾಮನ ಆಳಿಕೆಯೂ 1948ರಲ್ಲಿ ಮುಗಿಯಿತು, ಗುಲ್ಬರ್ಗಾ ಜಿಲ್ಲೆಯೇ ಒಡೆದು 2009ರಲ್ಲಿ ಯಾದಗಿರಿ ಜಿಲ್ಲೆಯಾಯಿತು. ಇಷ್ಟೆಲ್ಲ ಬದಲಾದ ಸೀಮೆಯಲ್ಲಿ ಬದಲಾಗದೆ ನಿಂತ ಒಂದನ್ನು ನೋಡಬೇಕಾದರೆ ಹೊಳೆಯ ದಂಡೆಯ ತಿಂಥಣಿಗೆ ಹೋಗಬೇಕು.

ತಿಂಥಣಿಯ ಮೌನೇಶ್ವರರು ಸುರಪುರದ ಬಳಿಯ ದೇವರಗೋನಾಲದಲ್ಲಿ, ವಿಶ್ವಕರ್ಮರ ಮನೆಯಲ್ಲಿ ಹುಟ್ಟಿದವರು. ಬಿಜಾಪುರದ ಆದಿಲಶಾಹಿಗಳ ಕಾಲದವರೆಂದು ಜನ ಹೇಳುತ್ತಾರೆ. ಭಕ್ತರ ಬಾಯಲ್ಲಿ ಅವರು ಮೋನಪ್ಪಯ್ಯ, ಅವರೇ ಮೌನುದ್ದೀನ್. ಗುಡಿಯ ಕಟ್ಟಡದಲ್ಲಿಯೂ ಎರಡು ಮತಗಳ ಶಿಲ್ಪವು ಬೆರೆತಿದೆ. ಜಾತ್ರೆಯಲ್ಲಿ ಭಕ್ತರು ಕೂಗುವ ಜಯಘೋಷವು ಲಕ್ಷದ ಲೆಕ್ಕದಲ್ಲಿ ಪೀರರನ್ನು ನೆನೆದು, ಮೌನುದ್ದೀನರನ್ನು ದಾಟಿ, ಕಾಶೀಪತಿಯಲ್ಲಿಯೂ ಮಹಾದೇವನಲ್ಲಿಯೂ ಮುಗಿಯುತ್ತದೆ. ಎಲ್ಲವೂ ಒಂದೇ ಉಸಿರಿನಲ್ಲಿ. ಅಜ್ಜಂದಿರು ಕೂಗಿದಂತೆಯೇ ಮೊಮ್ಮಕ್ಕಳೂ ಕೂಗುತ್ತಾರೆ. ಹತ್ತಿರದ ಕೊಡೇಕಲ್ಲಿನ ಬಸವಣ್ಣನ ಪರಂಪರೆಯೂ ಇಂಥದೇ ಬೆರಕೆಯದು.

ಈಗ ಒಬ್ಬ ವಿದ್ಯಾವಂತನು ಅಲ್ಲಿಗೆ ಬಂದು, ‘ಈ ಘೋಷದಲ್ಲಿ ಪೀರರೇಕೆ? ಅವರನ್ನು ಬಿಟ್ಟು ಶುದ್ಧವಾಗಿ ಕೂಗಿರಿ’ ಎಂದನೆಂದು ಇಟ್ಟುಕೊಳ್ಳೋಣ. ಮತ್ತೊಬ್ಬನು ಬಂದು ‘ಮಹಾದೇವನೇಕೆ?’ ಎಂದನೆನ್ನೋಣ. ಈ ಇಬ್ಬರನ್ನೂ ಪತ್ರಿಕೆಗಳು ಸಂಪ್ರದಾಯಸ್ಥರೆಂದು ಕರೆಯುತ್ತವೆ. ಘೋಷವನ್ನು ಇದ್ದಂತೆಯೇ ಕೂಗುವ ರೈತನನ್ನೂ ಬಡಗಿಯನ್ನೂ ‘ಉದಾರಿಗಳು’ ಎಂದು ಹೊಗಳುತ್ತವೆ. ಆ ಬಡಗಿಗೆ ಈ ಹೊಗಳಿಕೆಯು ಅರ್ಥವಾದೀತೆ? ತಾನು ಯಾವ ಉದಾರತನವನ್ನೂ ಮಾಡಲಿಲ್ಲ, ಹಿರಿಯರು ಹೇಳಿಕೊಟ್ಟಂತೆ ಕೂಗಿದೆನೆಂದಾನು. ಧಾತ್ವರ್ಥದಿಂದ ನೋಡಿದರೆ ಕಾಪಾಡುವವನು ಆತನೇ. ತಿದ್ದಲು ಬಂದವರಿಬ್ಬರೂ ನವೀನರು.

ಹಾಗೆಂದು ಹಳೆಯದೆಲ್ಲವೂ ತಿಂಥಣಿಯ ಘೋಷವಲ್ಲ. ಅಸ್ಪೃಶ್ಯತೆಯೂ ಕೈಯಿಂದ ಕೈಗೆ ದಾಟಿ ಬಂದುದೇ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅದನ್ನು ಕಾನೂನಿನಲ್ಲಿ ತೊಡೆದರೂ, ಕಾಪಾಡುವ ಕೈಗಳು ಇನ್ನೂ ಇವೆ. ಮೌನೇಶ್ವರರೂ ತಮ್ಮ ಕಾಲದಲ್ಲಿ ಹೊಸದನ್ನು ಮಾಡಿದವರೇ. ಯಾಸ್ಕನ ಅರ್ಥದಲ್ಲಿ ಅದು ಈಗ ಪುರಾಣವಾಗಿದೆ.

ಕಾಲೇಜಿನ ಹುಡುಗರು ಈ ಮಾತಿಗೆ ಕನ್ನಡದಲ್ಲಿ ಏನು ಬರೆಯಬೇಕೆಂದು ನಮ್ಮನ್ನು ಕೇಳುವುದುಂಟು. ಬ್ರಿಟನ್ನಿನ ಪಕ್ಷದ ಹೆಸರಾದರೆ ‘ಕನ್ಸರ್ವೇಟಿವ್’ ಎಂದೇ ಕನ್ನಡ ಲಿಪಿಯಲ್ಲಿ ಬರೆಯಿರಿ ಎನ್ನುತ್ತೇವೆ. ಮನುಷ್ಯನ ವಿಷಯವಾದರೆ ‘ಕಾಪಾಡುವವನು’ ಎಂದು ಬರೆಯಿರಿ ಎಂದು ನಮ್ಮ ಸಲಹೆ. ಕಾಪಾಡು ಎಂಬುದು ಸಕರ್ಮಕ ಧಾತು. ಕರ್ಮಪದವನ್ನು ಬಿಟ್ಟರೆ ಕನ್ನಡ ವಾಕ್ಯವು ಕುಂಟುತ್ತದೆ. ಆಗ ಬರೆಯುವವನು ವಿಧಿಯಿಲ್ಲದೆ ಆ ಮನುಷ್ಯನು ಏನನ್ನು ಕಾಪಾಡುತ್ತಾನೆ ಎಂಬುದನ್ನೂ ಬರೆಯಬೇಕಾಗುತ್ತದೆ.